ಒಲ್ಲೆ ಎನ್ನುವ ಅಯಸ್ಕಾಂತ

ಅಯಸ್ಕಾಂತ ಲೋಹಗಳನ್ನು ಎಳೆದುಕೊಳ್ಳುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುವ ದೊಡ್ಡವರೆಲ್ಲ ಒಮ್ಮೆ ಕೈಯಲ್ಲೊಂದು ಅಯಸ್ಕಾಂತ ಹಿಡಿದು ಮನೆಯೊಳಗೆ ಸುತ್ತಿ ಬರಬೇಕು. ದೇವರ ಮುಂದಿನ ಹಿತ್ತಾಳೆ ದೀಪಕ್ಕೆ ಅದು ಅಂಟುವುದಿಲ್ಲ. ತಾಮ್ರದ ಚೊಂಬಿಗೆ ಅಂಟುವುದಿಲ್ಲ. ಅಲ್ಯೂಮಿನಿಯಂ ಪಾತ್ರೆಗೆ ಇಲ್ಲ, ಅಜ್ಜಿಯ ಬಂಗಾರದ ಬಳೆಗೆ ಇಲ್ಲ, ಬೆಳ್ಳಿಯ ಕುಂಕುಮ ಭರಣಿಗೂ ಇಲ್ಲ. ದೋಸೆ ಹಂಚಿನ ಹತ್ತಿರ ಹೋದದ್ದೇ ತಡ, ಟಪ್ಪೆಂದು ಕಚ್ಚಿಕೊಳ್ಳುತ್ತದೆ. ಈಳಿಗೆಮಣೆಯ ಅಲಗಿಗೂ ಹಾಗೆಯೇ. ಲೆಕ್ಕ ಹಾಕಿದರೆ ಅಯಸ್ಕಾಂತ ಬಾ ಎಂದದ್ದಕ್ಕಿಂತ ಒಲ್ಲೆ ಎಂದದ್ದೇ ಹೆಚ್ಚು. ನಮಗೆ ಪರಿಚಯವಿರುವ ಶುದ್ಧ ಲೋಹಗಳ ಪೈಕಿ ಅದು ಗಟ್ಟಿಯಾಗಿ ಸೆಳೆಯುವುದು ಮೂರನ್ನು ಮಾತ್ರ: ಕಬ್ಬಿಣ, ನಿಕೆಲ್, ಕೋಬಾಲ್ಟ್.

ಮಕ್ಕಳ ಅಯಸ್ಕಾಂತ ಪಾಠ ಈ ಒಲ್ಲೆಗಳಿಂದಲೇ ಶುರುವಾಗಬೇಕು ಎಂಬುದು ನನ್ನ ಹಟ. ಶಾಲೆಯ ಪೆಟ್ಟಿಗೆಯಲ್ಲಿ ಕೆಂಪು-ನೀಲಿ ಬಣ್ಣ ಬಳಿದ ಪಟ್ಟಿ ಅಯಸ್ಕಾಂತ, ಪಕ್ಕದಲ್ಲೇ ಗುಂಡುಸೂಜಿಯ ಡಬ್ಬಿ ಇರುತ್ತದೆ. ಮೇಷ್ಟ್ರು ಹಿಡಿಯುತ್ತಾರೆ, ಸೂಜಿ ಹಾರುತ್ತದೆ, ಮಕ್ಕಳು ಹೋ ಎನ್ನುತ್ತಾರೆ, ಗಂಟೆ ಬಾರಿಸುತ್ತದೆ. ಅಂಟುವುದು ಮೊದಲೇ ಗೊತ್ತಿರುವ ವಸ್ತುವನ್ನು ಕೊಟ್ಟು ಪರೀಕ್ಷೆ ಮಾಡಿ ನೋಡು ಅಂದರೆ ಅದರಲ್ಲಿ ಪರೀಕ್ಷೆ ಎಲ್ಲಿ ಬಂತು? ಐದು ವರ್ಷದ ಮಗುವಿಗೂ ಅಂಟುವುದು ಹತ್ತು ನಿಮಿಷದ ಖುಷಿ. ಅಂಟಬೇಕಾಗಿತ್ತಲ್ಲ, ಯಾಕೆ ಅಂಟಲಿಲ್ಲ ಎನ್ನುವುದು ಮಾತ್ರ ಮರುದಿನವೂ ತಲೆಯಲ್ಲಿ ಉಳಿಯುತ್ತದೆ.

ಅಯಸ್ಕಾಂತಕ್ಕಾಗಿ ಅಂಗಡಿಗೆ ಹೋಗಬೇಕಿಲ್ಲ. ಕೆಟ್ಟ ರೇಡಿಯೊ ಅಥವಾ ಹಳೆಯ ಸ್ಪೀಕರಿನ ಬೆನ್ನಿನಲ್ಲಿ ನಡುವೆ ತೂತಿರುವ ಕಪ್ಪು ಉಂಗುರ ಇರುತ್ತದೆ. ಇದಕ್ಕೆ ಫೆರೈಟ್ ಎಂದು ಹೆಸರು. ಕಬ್ಬಿಣದ ಆಕ್ಸೈಡ್ ಪುಡಿಗೆ ಬೇರಿಯಂ ಅಥವಾ ಸ್ಟ್ರಾನ್ಷಿಯಂ ಸಂಯುಕ್ತ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಸುಟ್ಟು ತಯಾರಿಸುತ್ತಾರೆ. ಫೆರೈಟ್‌ಗಳ ಕತೆ ಮೊದಲಾದದ್ದು 1930ರಲ್ಲಿ, ಟೋಕಿಯೊದಲ್ಲಿ, ಯೊಗೊರೊ ಕಾಟೊ ಮತ್ತು ತಾಕೇಷಿ ತಾಕೇಯಿ ಎಂಬ ಇಬ್ಬರ ಕೆಲಸದಿಂದ. ಮಕ್ಕಳ ಕೈಗೆ ಇದೇ ಒಳ್ಳೆಯದು: ಬೆರಳು ಚಿವುಟುವಷ್ಟು ಜೋರಿಲ್ಲ, ನುಂಗುವಷ್ಟು ಚಿಕ್ಕದಲ್ಲ. ಕೈತಪ್ಪಿ ನೆಲಕ್ಕೆ ಬಿದ್ದರೆ ಒಡೆಯುತ್ತದೆ. ಒಡೆಯಲಿ ಬಿಡಿ, ಚೂರುಗಳಿಂದಲೂ ಕೆಲಸವಿದೆ.

ಅಡುಗೆಮನೆಯಲ್ಲಿ ತಲೆ ಕೆಡಿಸುವುದು ಸ್ಟೀಲು. ಒಂದೇ ಗೂಡಿನಲ್ಲಿ ಜೋಡಿಸಿಟ್ಟ ತಟ್ಟೆಗಳಲ್ಲಿ ಒಂದಕ್ಕೆ ಅಯಸ್ಕಾಂತ ಅಂಟುತ್ತದೆ, ಇನ್ನೊಂದರ ಮೇಲಿಂದ ಜಾರಿ ಬೀಳುತ್ತದೆ. ಎರಡರಲ್ಲೂ ಅರ್ಧಕ್ಕಿಂತ ಹೆಚ್ಚು ಕಬ್ಬಿಣವೇ ಇದೆ. ಮತ್ತೆ ಯಾಕೆ ಹೀಗೆ? ಕೆಲವು ಪಾತ್ರೆಗಳ ತಳದಲ್ಲಿ 18/8 ಎಂದು ಒತ್ತಿರುತ್ತಾರೆ. ನೂರರಲ್ಲಿ 18 ಪಾಲು ಕ್ರೋಮಿಯಂ, 8 ಪಾಲು ನಿಕೆಲ್ ಎಂದರ್ಥ. ಈ ನಿಕೆಲ್ಲೇ ಇಲ್ಲಿನ ತಂಟೆಗಾರ. ಅದು ಸೇರಿದಾಗ ಕಬ್ಬಿಣದ ಪರಮಾಣುಗಳು ಕೂರುವ ಕ್ರಮವೇ ಬದಲಾಗುತ್ತದೆ, ಆ ಕ್ರಮದಲ್ಲಿ ಅವು ಒಟ್ಟಾಗಿ ಅಯಸ್ಕಾಂತಕ್ಕೆ ಓಗೊಡಲಾರವು. ಕಬ್ಬಿಣವನ್ನು ಅಯಸ್ಕಾಂತ ಎಳೆಯುತ್ತದೆ, ನಿಕೆಲ್ಲನ್ನೂ ಎಳೆಯುತ್ತದೆ, ಎರಡನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿದ ಸ್ಟೀಲನ್ನು ಎಳೆಯುವುದಿಲ್ಲ! ನಿಕೆಲ್ ದುಬಾರಿಯಾದ್ದರಿಂದ ಕೆಲವರು ಮ್ಯಾಂಗನೀಸ್ ಸೇರಿಸಿ ಇದೇ ಪರಿಣಾಮ ಪಡೆಯುತ್ತಾರೆ. ಬರೀ ಕ್ರೋಮಿಯಂ ಬೆರೆತ ಸ್ಟೀಲಿಗೆ ಅಯಸ್ಕಾಂತ ಚೆನ್ನಾಗಿಯೇ ಅಂಟುತ್ತದೆ.

ಇನ್ನೂ ಸೂಕ್ಷ್ಮವಾಗಿ ನೋಡುವ ಮಕ್ಕಳಿಗೆ ಒಂದು ಕೆಲಸ. ಅಂಟದ ಸ್ಟೀಲ್ ಪಾತ್ರೆಯ ಅಂಚು ಮಡಿಚಿದ ಕಡೆ, ಸಿಂಕಿನ ಮೂಲೆ ಬಗ್ಗಿದ ಕಡೆ ಅಯಸ್ಕಾಂತವನ್ನು ಮೆಲ್ಲಗೆ ಆಡಿಸಿ. ಎಷ್ಟೋ ಸಲ ಅಲ್ಲಿ ತುಸುವೇ ಎಳೆದಂತೆ ಕೈಗೆ ತಿಳಿಯುತ್ತದೆ. ತಗಡನ್ನು ಒತ್ತಿ ಬಗ್ಗಿಸುವಾಗ ಪರಮಾಣುಗಳ ಕ್ರಮ ಅಲ್ಲಲ್ಲಿ ಹಳೆಯ ರೀತಿಗೆ ಮರಳಿರುತ್ತದೆ. ಕಾರ್ಖಾನೆಯಲ್ಲಿ ಆ ಪಾತ್ರೆ ಎಲ್ಲಿ ಹೆಚ್ಚು ಪೆಟ್ಟು ತಿಂದಿದೆ ಎಂಬುದನ್ನು ಮಗು ಅಯಸ್ಕಾಂತದಿಂದ ಓದಿ ಹೇಳಬಹುದು.

ಅಯಸ್ಕಾಂತ ಅಂಟಿದರೆ ಕಳಪೆ ಸ್ಟೀಲು ಎಂಬ ಮಾತು ಪಾತ್ರೆ ಅಂಗಡಿಗಳಲ್ಲಿ ಬಹಳ ವರ್ಷಗಳಿಂದ ಓಡಾಡುತ್ತಿದೆ. ಅರ್ಧ ಸತ್ಯ. ಅಂಟುವ ಸ್ಟೀಲು ಸಾಮಾನ್ಯವಾಗಿ ಅಗ್ಗ ನಿಜ, ಆದರೆ ಒಳ್ಳೆಯ ಚಾಕುಗಳೆಲ್ಲ ಅಂಟುವ ಸ್ಟೀಲಿನವೇ. ಇಂಡಕ್ಷನ್ ಒಲೆ ಬಂದಮೇಲಂತೂ ಲೆಕ್ಕ ತಿರುಗಿಬಿಟ್ಟಿದೆ; ಆ ಒಲೆಗೆ ಅಯಸ್ಕಾಂತ ಅಂಟುವ ತಳವೇ ಬೇಕು. ಬಾಣಲೆ ಕೊಳ್ಳಲು ಹೋಗುವಾಗ ಮಗಳ ಆಟದ ಅಯಸ್ಕಾಂತವನ್ನು ಕಿಸೆಯಲ್ಲಿಟ್ಟುಕೊಂಡು ಹೋಗುವುದು ಬುದ್ಧಿವಂತಿಕೆ.

ಈ ವಿದ್ಯೆಯನ್ನು ಹೊಟ್ಟೆಪಾಡು ಮಾಡಿಕೊಂಡವರು ಗುಜರಿಯವರು. ಹಳೆ ನಲ್ಲಿ, ಬೀಗ, ಹಿಡಿಕೆ ತಂದು ಸುರಿದರೆ ತೂಕ ಹಾಕುವ ಮೊದಲು ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಒಂದೊಂದರ ಮೇಲೂ ಆಡಿಸುತ್ತಾರೆ. "ಹಿತ್ತಾಳೆ ಅಲ್ಲಮ್ಮಾ ಇದು, ಮೇಲೆ ನೀರು ಬಿಟ್ಟವ್ರೆ, ಒಳಗೆ ಕಬ್ಣ" ಎನ್ನುವ ತೀರ್ಪು ಕ್ಷಣದಲ್ಲಿ ಬರುತ್ತದೆ. ಅಂಟಲಿಲ್ಲ ಎಂದ ಮಾತ್ರಕ್ಕೆ ಹಿತ್ತಾಳೆ ಎಂದು ಅವರು ಒಪ್ಪುವುದೂ ಇಲ್ಲ. ಅಂಟದ ಲೋಹಗಳು ಬೇಕಾದಷ್ಟಿವೆ. ಅರದಿಂದ ಒಂದು ಗೀರು ಎಳೆದು ಒಳಗಿನ ಬಣ್ಣ ನೋಡುತ್ತಾರೆ. ಒಂದು ಪರೀಕ್ಷೆ ಎಲ್ಲಿಯವರೆಗೆ ಸಾಕು, ಎಲ್ಲಿ ಎರಡನೆಯದು ಬೇಕು ಎಂಬುದನ್ನು ಮಕ್ಕಳು ಇವರ ಪಕ್ಕ ನಿಂತು ಕಲಿಯಬಹುದು. ಮನೆಯಲ್ಲೇ ಆಗಬೇಕೆಂದರೆ ಹುಂಡಿ ಒಡೆಯಿರಿ. ಈಗಿನ 1 ಮತ್ತು 2 ರೂಪಾಯಿ ನಾಣ್ಯಗಳು ಅಂಟುತ್ತವೆ, 10ರದು ಅಂಟುವುದಿಲ್ಲ. 5ರ ನಾಣ್ಯಗಳಲ್ಲಿ ಎರಡೂ ಬಗೆ ಸಿಗುತ್ತವೆ. ಯಾವ ವರ್ಷದ್ದು ಅಂಟಿತು, ಯಾವುದು ಇಲ್ಲ ಎಂದು ಮಕ್ಕಳೇ ಬರೆದಿಡಲಿ.

ಮುಂದೆ ಮರಳು. ಮನೆ ಕಟ್ಟುವ ಕಡೆ ಸುರಿದ ರಾಶಿಯಾದರೂ ಆಯಿತು, ಹೊಳೆದಂಡೆಯಾದರೂ ಆಯಿತು. ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡೇ ಇಳಿಸಬೇಕು, ಇಲ್ಲದಿದ್ದರೆ ಹತ್ತಿದ್ದನ್ನು ಬಿಡಿಸುತ್ತ ಸಂಜೆಯಾಗುತ್ತದೆ. ಒಣ ಮರಳಿನಲ್ಲಿ ನಾಲ್ಕು ಸಲ ಎಳೆದು ತೆಗೆದರೆ ಕವರಿನ ತುಂಬ ಕಪ್ಪು ಪುಡಿ ಮೆತ್ತಿಕೊಂಡಿರುತ್ತದೆ. ಕವರನ್ನು ಕಾಗದದ ಮೇಲೆ ಹಿಡಿದು ಒಳಗಿನ ಅಯಸ್ಕಾಂತವನ್ನು ಹೊರಕ್ಕೆಳೆದರೆ ಪುಡಿ ಉದುರುತ್ತದೆ. ಕಾಗದದ ಅಡಿಯಿಂದ ಅಯಸ್ಕಾಂತ ತಂದಾಗ ಆ ಪುಡಿ ಎದ್ದು ನಿಂತು, ಬಾಗಿ, ಅಯಸ್ಕಾಂತ ಹೋದ ಕಡೆಗೆಲ್ಲ ಸಾಲುಸಾಲಾಗಿ ಹೊರಳುತ್ತದೆ. ಇದರಲ್ಲಿ ಹೆಚ್ಚಿನದು ಮ್ಯಾಗ್ನೆಟೈಟ್ ಎಂಬ ಖನಿಜ: ಮೂರು ಕಬ್ಬಿಣದ ಪರಮಾಣುವಿಗೆ ನಾಲ್ಕು ಆಮ್ಲಜನಕ. ಬಂಡೆಗಳು ಸವೆದು ಮರಳಾದಾಗ ಅದರ ಕಾಳುಗಳೂ ಜೊತೆಗೆ ಬಂದಿರುತ್ತವೆ.

ನಮ್ಮ ಕುದುರೆಮುಖದ ಅದಿರು ಈ ಮ್ಯಾಗ್ನೆಟೈಟೇ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಅಲ್ಲಿನ ಅದಿರಿನಲ್ಲಿ ಕಬ್ಬಿಣದ ಪಾಲು ಕಡಿಮೆ. ಅದನ್ನು ಪುಡಿ ಮಾಡಿ, ಬೇಡದ ಕಲ್ಲನ್ನು ಬೇರ್ಪಡಿಸಿ, ಉಳಿದದ್ದನ್ನು ನೀರಿನಲ್ಲಿ ಕಲಸಿ ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಹರಿಸುತ್ತಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡಿನ ದೃಷ್ಟಿಯಿಂದ ಅದು ಇನ್ನೂ ಮೊದಲೇ ನಿಲ್ಲಬೇಕಿತ್ತು ಎನ್ನುವವರಲ್ಲಿ ನಾನೂ ಒಬ್ಬ. ಅದು ಬೇರೆ ಲೇಖನದ ಮಾತು.

ಬಳ್ಳಾರಿ, ಸಂಡೂರಿನ ಕಡೆ ಹೋದರೆ ಕತೆ ಬೇರೆ. ಅಲ್ಲಿಯ ಕೆಂಪು ಅದಿರು ಬಹುಮಟ್ಟಿಗೆ ಹೆಮಟೈಟ್: ಎರಡು ಕಬ್ಬಿಣಕ್ಕೆ ಮೂರು ಆಮ್ಲಜನಕ. ಇದರಲ್ಲಿ ಕಬ್ಬಿಣ ಧಾರಾಳವಾಗಿದೆ, ಆದರೂ ಮಕ್ಕಳ ಕೈಯ ಅಯಸ್ಕಾಂತಕ್ಕೆ ಅದು ಜಗ್ಗುವುದಿಲ್ಲ. ಕಬ್ಬಿಣ ಕಡಿಮೆಯಿರುವ ಕುದುರೆಮುಖದ ಕಲ್ಲು ಹಾರಿ ಬರುತ್ತದೆ, ಹೆಚ್ಚಿರುವ ಸಂಡೂರಿನದು ಕದಲುವುದಿಲ್ಲ. ಮನೆಯ ಗೇಟಿನ ತುಕ್ಕನ್ನು ಕೆರೆದು ನುಣ್ಣಗೆ ಅರೆದ ಬರೀ ಕೆಂಪು ಪುಡಿಯಲ್ಲೂ ಇದೇ ಒಲ್ಲೆ ಕಾಣುತ್ತದೆ. ಕಬ್ಬಿಣ ಇದೆಯೇ ಎಂಬುದೊಂದೇ ಪ್ರಶ್ನೆಯಾಗಿದ್ದರೆ ಇವೆಲ್ಲ ಅಂಟಬೇಕಿತ್ತು. ಆ ಕಬ್ಬಿಣ ಯಾರ ಜೊತೆಗಿದೆ, ಹೇಗೆ ಕೂತಿದೆ ಎಂಬುದನ್ನೂ ಕೇಳಬೇಕು.

ಹೇಗೆ ಕೂತಿದೆ ಎಂದರೆ? ಕಬ್ಬಿಣದ ಪ್ರತಿಯೊಂದು ಪರಮಾಣುವೂ ಪುಟ್ಟದೊಂದು ಅಯಸ್ಕಾಂತ. ಅದರೊಳಗಿನ ಎಲೆಕ್ಟ್ರಾನುಗಳ ಗುಣ ಅದು. ಅಕ್ಕಪಕ್ಕದ ಪರಮಾಣುಗಳು ಒಂದೇ ದಿಕ್ಕಿಗೆ ಮುಖಮಾಡಿ ಗುಂಪು ಕಟ್ಟಿಕೊಳ್ಳುತ್ತವೆ ಎಂದು 1907ರಲ್ಲಿ ಪಿಯೆರ್ ವೈಸ್ ಎಂಬ ಫ್ರೆಂಚ್ ವಿಜ್ಞಾನಿ ವಿವರಿಸಿದ. ಸಾಮಾನ್ಯ ಮೊಳೆಯಲ್ಲಿ ಈ ಗುಂಪುಗಳು ತಲೆಗೊಂದು ದಿಕ್ಕು ಹಿಡಿದಿರುತ್ತವೆ. ಜಾತ್ರೆಯಲ್ಲಿ ತೇರಿನ ಸುತ್ತ ಸಾವಿರ ಜನ ಹಗ್ಗ ಹಿಡಿದು ತಂತಮ್ಮ ಕಡೆಗೇ ಎಳೆದರೆ ತೇರು ಕದಲೀತೇ? ಎಲ್ಲರೂ ಒಂದೇ ಕಡೆಗೆ ಎಳೆದಾಗ ಮಾತ್ರ ಗಾಲಿ ಉರುಳುತ್ತದೆ. ಮೊಳೆಯ ಹತ್ತಿರ ಅಯಸ್ಕಾಂತ ಬಂದಾಗ ಗುಂಪುಗಳು ಒಂದೇ ಕಡೆಗೆ ತಿರುಗುತ್ತವೆ, ಮೊಳೆಯೇ ತಾತ್ಕಾಲಿಕ ಅಯಸ್ಕಾಂತವಾಗುತ್ತದೆ. ಅದಕ್ಕೇ ಅಂಟಿಕೊಂಡ ಗುಂಡುಸೂಜಿಯ ತುದಿಗೆ ಇನ್ನೊಂದು, ಅದರ ತುದಿಗೆ ಮತ್ತೊಂದು ಜೋತುಬೀಳುವುದು. ಮೇಲಿನ ಅಯಸ್ಕಾಂತ ತೆಗೆದರೆ ಸರ ಕಳಚಿ ಬೀಳುತ್ತದೆ.

ದಿಕ್ಕು ಕೆಡಿಸುವ ಉಪಾಯಗಳೂ ಇವೆ. ಸುತ್ತಿಗೆಯಿಂದ ಬಡಿದರೆ ಶಕ್ತಿ ಕುಂದುತ್ತದೆ. ಕಾಯಿಸಿದರೆ ಹೋಗಿಯೇ ಬಿಡುತ್ತದೆ; ಕಬ್ಬಿಣಕ್ಕೆ ಆ ಗಡಿ 770 ಡಿಗ್ರಿ ಸೆಲ್ಸಿಯಸ್. ಅದನ್ನು ದಾಟಿದ ಕಬ್ಬಿಣವನ್ನು ಅಯಸ್ಕಾಂತವೂ ಒಲ್ಲೆ ಎನ್ನುತ್ತದೆ. ಪಿಯೆರ್ ಕ್ಯೂರಿ 1895ರಲ್ಲಿ ಈ ಕುರಿತು ಮಾಡಿದ ಕೆಲಸದ ನೆನಪಿಗೆ ಅದನ್ನು ಕ್ಯೂರಿ ಉಷ್ಣತೆ ಎನ್ನುತ್ತಾರೆ. ಕುಲುಮೆಯಲ್ಲಿ ಕಬ್ಬಿಣ ಹದಕ್ಕೆ ಕಾದಿದೆಯೇ ಎಂದು ಅಯಸ್ಕಾಂತ ಮುಟ್ಟಿಸಿ ನೋಡುವ ಕಮ್ಮಾರರು ಇದನ್ನೇ ಬಳಸಿಕೊಳ್ಳುತ್ತಾರೆ.

ಈಗ ಒಡೆದ ಸ್ಪೀಕರ್ ಉಂಗುರಕ್ಕೆ ಬರೋಣ. ಎರಡು ಹೋಳಾಗಿದ್ದರೆ ಮುರಿದ ಅಂಚಿಗೆ ಅಂಚು ತಾಗಿಸಿ ಮೊದಲಿನಂತೆ ಜೋಡಿಸಲು ಮಗುವಿಗೆ ಹೇಳಿ. ಜೋಡಣೆಯಾಗುವುದಿಲ್ಲ. ಒಂದನ್ನೊಂದು ತಳ್ಳುತ್ತವೆ, ಬಲವಂತ ಮಾಡಿದರೆ ಜಾರಿ ಒಂದರ ಮೇಲೊಂದು ಹತ್ತಿಬಿಡುತ್ತವೆ. ಒಂದು ಗಳಿಗೆಯ ಹಿಂದೆ ಒಂದೇ ದೇಹವಾಗಿದ್ದವು! ಒಂದು ಹೋಳನ್ನು ಮಗುಚಿ ಹಾಕಿದರೆ ತಕ್ಷಣ ಅಂಚಿಗೆ ಅಂಚು ಕೂಡಿಕೊಳ್ಳುತ್ತವೆ. ಈ ಉಂಗುರಗಳ ಧ್ರುವಗಳು ಇರುವುದು ಮೇಲಿನ ಮತ್ತು ಕೆಳಗಿನ ಚಪ್ಪಟೆ ಮುಖಗಳಲ್ಲಿ. ಮೊದಲಿನಂತೆ ಜೋಡಿಸಲು ಹೋದರೆ ಉತ್ತರದ ಪಕ್ಕ ಉತ್ತರ, ದಕ್ಷಿಣದ ಪಕ್ಕ ದಕ್ಷಿಣ ಬಂತು. ಸಜಾತಿ ಧ್ರುವಗಳು ವಿಕರ್ಷಿಸುತ್ತವೆ ಎಂದು ಬಾಯಿಪಾಠ ಮಾಡಿಸುವುದಕ್ಕಿಂತ ಈ ಹೋಳುಗಳ ಜಗಳ ಸಾವಿರ ಪಾಲು ವಾಸಿ. ಎಷ್ಟು ಚೂರು ಮಾಡಿದರೂ ಪ್ರತಿ ಚೂರಿಗೂ ಎರಡು ಧ್ರುವ ಇದ್ದೇ ಇರುತ್ತದೆ ಎಂಬುದೂ ಕೈಗೇ ಗೊತ್ತಾಗುತ್ತದೆ.

ಈ ತಳ್ಳಾಟಕ್ಕೆ ಇನ್ನೊಂದು ಬೆಲೆಯೂ ಇದೆ. ಅಯಸ್ಕಾಂತ ಬರೀ ಕಬ್ಬಿಣವನ್ನೂ ಎಳೆಯುತ್ತದೆ, ಇನ್ನೊಂದು ಅಯಸ್ಕಾಂತವನ್ನೂ ಎಳೆಯುತ್ತದೆ. ಬರೀ ಕಬ್ಬಿಣವನ್ನು ಎಂದೂ ತಳ್ಳುವುದಿಲ್ಲ. ಹಾಗಾಗಿ ಎದುರಿನದು ಅಯಸ್ಕಾಂತವೇ ಎನ್ನುವುದಕ್ಕೆ ಸಾಕ್ಷಿ ಎಳೆತವಲ್ಲ, ತಳ್ಳುವಿಕೆ.

ಫ್ರಿಜ್ಜಿನ ಬಾಗಿಲಿಗೆ ಅಂಟಿಸಲೆಂದು ಅಂಗಡಿಯವರು ಜಾಹೀರಾತು ಮುದ್ರಿಸಿ ಹಂಚುವ ರಬ್ಬರಿನಂಥ ತೆಳು ಅಯಸ್ಕಾಂತ ಎರಡಿದ್ದರೆ ಇದನ್ನೂ ಮಾಡಿ. ಬೆನ್ನಿಗೆ ಬೆನ್ನು ತಾಗಿಸಿ ಒಂದರ ಮೇಲೊಂದನ್ನು ಎಳೆಯಿರಿ. ಒಂದು ದಿಕ್ಕಿನಲ್ಲಿ ನುಣ್ಣಗೆ ಜಾರುತ್ತದೆ. ಅಡ್ಡ ತಿರುಗಿಸಿ ಎಳೆದರೆ ಟಕ ಟಕ ಎಂದು ಕುಪ್ಪಳಿಸುತ್ತದೆ. ಹಾಳೆಯಲ್ಲಿ ಉತ್ತರ, ದಕ್ಷಿಣ ಧ್ರುವಗಳು ಕೆಲವೇ ಮಿಲಿಮೀಟರ್ ಅಗಲದ ಪಟ್ಟೆಗಳಾಗಿ ಪಕ್ಕಪಕ್ಕದಲ್ಲಿವೆ. ಪಟ್ಟೆ ದಾಟುವಾಗೆಲ್ಲ ಒಮ್ಮೆ ಎಳೆತ, ಒಮ್ಮೆ ತಳ್ಳುವಿಕೆ. ಹೀಗೆ ಪಟ್ಟೆ ಹಾಕಿರುವುದರಿಂದ ಸೆಳೆತವೆಲ್ಲ ಬೆನ್ನಿನ ಕಡೆಯೇ. ಚಿತ್ರವಿರುವ ಮುಖ ಫ್ರಿಜ್ಜಿಗೆ ಸರಿಯಾಗಿ ಅಂಟುವುದೇ ಇಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿ ಗಟ್ಟಿಯಾಗಿಯೇ ಹೇಳಬೇಕು. ಬೆಳ್ಳಿಯಂತೆ ಹೊಳೆಯುವ ಗುಂಡಿ, ಮಣಿ, ಬಿಲ್ಲೆಗಳಾಗಿ ಮಾರುವ ನಿಯೋಡಿಮಿಯಂ ಅಯಸ್ಕಾಂತಗಳು 1980ರ ದಶಕದಲ್ಲಿ ಬಂದವು, ಫೆರೈಟಿಗಿಂತ ಎಷ್ಟೋ ಪಟ್ಟು ಬಲಶಾಲಿ. ಮಗು ಒಂದಕ್ಕಿಂತ ಹೆಚ್ಚು ನುಂಗಿದರೆ ಕರುಳಿನ ಬೇರೆ ಬೇರೆ ಮಡಿಕೆಗಳಲ್ಲಿರುವ ಎರಡು ಮಣಿಗಳು ಒಂದನ್ನೊಂದು ಸೆಳೆದು ನಡುವಿನ ಗೋಡೆಯನ್ನು ಹಿಸುಕುತ್ತವೆ, ಕರುಳಿಗೆ ತೂತಾಗುತ್ತದೆ. ಬಾಳೆಹಣ್ಣು ತಿನ್ನಿಸಿ ನಾಳೆಯವರೆಗೆ ಕಾಯುವ ವಿಷಯವಲ್ಲ. ನುಂಗಿರಬಹುದು ಎಂಬ ಅನುಮಾನ ಬಂದರೂ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಮುಂದಿನ ಕೆಲವು ಪ್ರಯೋಗಗಳಿಗೆ ನಿಯೋಡಿಮಿಯಂ ಬೇಕು. ಅದು ದೊಡ್ಡವರ ಕೈಯಲ್ಲೇ ಇರಲಿ, ಆಟ ಮುಗಿದ ಮೇಲೆ ಬೀರುವಿನೊಳಗೆ ಹೋಗಲಿ.

ಎರಡು ದ್ರಾಕ್ಷಿ ಹಣ್ಣನ್ನು ಪೇಪರ್ ಸ್ಟ್ರಾದ ಎರಡು ತುದಿಗೆ ಚುಚ್ಚಿ, ನಡುವಿಗೆ ದಾರ ಕಟ್ಟಿ, ಫ್ಯಾನ್ ಆರಿಸಿ, ತೂಗು ಹಾಕಿ. ಅಲ್ಲಾಟ ನಿಲ್ಲುವವರೆಗೆ ತಾಳ್ಮೆ ಬೇಕು. ಆಮೇಲೆ ನಿಯೋಡಿಮಿಯಂ ಬಿಲ್ಲೆಯನ್ನು ಒಂದು ಹಣ್ಣಿಗೆ ತಾಗದಷ್ಟು ಹತ್ತಿರ ಹಿಡಿಯಿರಿ. ಹಣ್ಣು ನಿಧಾನವಾಗಿ ಹಿಂದೆ ಸರಿಯುತ್ತದೆ. ಅಯಸ್ಕಾಂತವನ್ನು ತಿರುಗಿಸಿ ಇನ್ನೊಂದು ಧ್ರುವ ತೋರಿಸಿದರೂ ಹಿಂದಕ್ಕೇ ಸರಿಯುತ್ತದೆ. ದ್ರಾಕ್ಷಿಯಲ್ಲಿರುವುದು ಮುಖ್ಯವಾಗಿ ನೀರು, ನೀರನ್ನು ಅಯಸ್ಕಾಂತ ಬಹಳ ಮೆಲ್ಲಗೆ ತಳ್ಳುತ್ತದೆ. ಅಯಸ್ಕಾಂತ ಸಾಕಷ್ಟು ದೊಡ್ಡದಾದರೆ ಆ ಮೆಲ್ಲಗಿನ ತಳ್ಳುವಿಕೆಯೇ ಏನೆಲ್ಲ ಮಾಡಬಲ್ಲದು ಎಂಬುದನ್ನು 1997ರಲ್ಲಿ ನೆದರ್ಲೆಂಡ್ಸ್‌ನ ನೈಮೇಖೆನ್‌ನಲ್ಲಿ ಆಂಡ್ರೆ ಗೈಮ್ ಮತ್ತು ಸಂಗಡಿಗರು ತೋರಿಸಿದರು: ಸುಮಾರು 16 ಟೆಸ್ಲಾ ಬಲದ ಕ್ಷೇತ್ರದಲ್ಲಿ ಜೀವಂತ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿದರು. ಈ ಕೆಲಸಕ್ಕೆ 2000ದಲ್ಲಿ ನಗೆ ತರಿಸುವ ಸಂಶೋಧನೆಗಳಿಗೆಂದೇ ಇರುವ ಇಗ್ ನೊಬೆಲ್ ಬಂತು. ಗ್ರಾಫೀನ್ ಕುರಿತ ಕೆಲಸಕ್ಕಾಗಿ 2010ರಲ್ಲಿ ಅದೇ ಗೈಮ್‌ಗೆ ನಿಜವಾದ ನೊಬೆಲ್ಲೂ ಸಿಕ್ಕಿತು.

ಇಷ್ಟು ನೋಡಿದ ಮಗು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತದೆ: "ನಮ್ ರಕ್ತದಲ್ಲೂ ಕಬ್ಬಿಣ ಇದ್ಯಂತಲ್ಲ, ಮತ್ತೆ ಕೈಗೆ ಯಾಕೆ ಅಂಟಲ್ಲ?" ದೊಡ್ಡವರ ಮೈಯಲ್ಲಿ ಒಟ್ಟು ಮೂರ್ನಾಲ್ಕು ಗ್ರಾಂ ಕಬ್ಬಿಣ ಇರುತ್ತದೆ, ಬಹುಪಾಲು ಹಿಮೋಗ್ಲೋಬಿನ್ನಿನ ದೊಡ್ಡ ಅಣುಗಳೊಳಗೆ ಒಂದೊಂದೇ ಪರಮಾಣುವಾಗಿ ಸಿಕ್ಕಿಕೊಂಡು. ಅಕ್ಕಪಕ್ಕ ಇನ್ನೊಂದು ಕಬ್ಬಿಣವಿಲ್ಲ, ಗುಂಪು ಕಟ್ಟುವ ಮಾತೇ ಇಲ್ಲ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅಯಸ್ಕಾಂತದಿಂದ ತೀರಾ ತುಸು ದೂರ ಸರಿಯುತ್ತದೆ, ಆಮ್ಲಜನಕ ಇಳಿಸಿದ್ದು ತೀರಾ ತುಸು ಹತ್ತಿರ ಬರುತ್ತದೆ ಎಂದು 1936ರಲ್ಲಿ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೋರಿಯೆಲ್ ಅಳೆದು ತೋರಿಸಿದರು. ಉತ್ತರಕ್ಕೆ ತಲೆ ಹಾಕಿ ಮಲಗಿದರೆ ಭೂಮಿಯ ಅಯಸ್ಕಾಂತ ರಕ್ತದ ಕಬ್ಬಿಣವನ್ನು ತಲೆಗೆ ಎಳೆಯುತ್ತದೆ ಎಂದು ವಿಜ್ಞಾನದ ವೇಷ ತೊಡಿಸಿ ಹೇಳುವವರಿದ್ದಾರೆ. ಎಂಆರ್‌ಐ ಯಂತ್ರದ 1.5 ಟೆಸ್ಲಾ ಬಲ ನಮ್ಮೂರಿನ ಭೂಕಾಂತ ಬಲದ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು. ಅದರೊಳಗೆ ಮಲಗಿದವರ ರಕ್ತವೇ ಎಲ್ಲೂ ಓಡಿಹೋಗುವುದಿಲ್ಲ. ಹಿರಿಯರ ಮಾತೆಂದು ದಿಕ್ಕು ನೋಡಿ ಮಲಗುವವರ ಜೊತೆ ನನಗೆ ತಕರಾರಿಲ್ಲ. ರಕ್ತ ಎಳೆಯುತ್ತದೆ ಎಂದು ಅಯಸ್ಕಾಂತದ ಪಟ್ಟಿ, ಹಾಸಿಗೆ, ಕೈಬಳೆ ಮಾರುವವರ ಜೊತೆ ಇದೆ.

ಪರೀಕ್ಷಿಸದೆ ನಂಬುವ ಚಾಳಿ ನಮ್ಮೊಬ್ಬರದೇ ಅಲ್ಲ. ಬೆಳ್ಳುಳ್ಳಿ ಸವರಿದರೆ ಅಯಸ್ಕಾಂತದ ಶಕ್ತಿ ಹೋಗುತ್ತದೆ ಎಂದು ಯುರೋಪಿನ ಪಂಡಿತರು ಶತಮಾನಗಳ ಕಾಲ ಬರೆದುಕೊಂಡು ಬಂದರು. ಇಟಲಿಯ ಡೆಲ್ಲಾ ಪೋರ್ಟಾ ಬೆಳ್ಳುಳ್ಳಿ ತಿಂದು ಅಯಸ್ಕಾಂತದ ಮೇಲೆ ಉಸಿರೂದಿ, ತೇಗಿ, ಕೊನೆಗೆ ರಸವನ್ನೇ ಮೆತ್ತಿ, ಏನೂ ಆಗಲಿಲ್ಲ ಎಂದು 1589ರ ಪುಸ್ತಕದಲ್ಲಿ ದಾಖಲಿಸಿದ. ಅಡುಗೆಮನೆಯಲ್ಲೇ ಆಗುವ ಪ್ರಯೋಗ, ತೇಗುವುದನ್ನು ಮಕ್ಕಳು ಬಿಡಲಿಕ್ಕಿಲ್ಲ. 1600ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಿಲ್ಬರ್ಟ್ ಅಯಸ್ಕಾಂತದ ಮೇಲೊಂದು ದೊಡ್ಡ ಗ್ರಂಥ ಬರೆದು ಇಂಥ ಹಲವು ಕತೆಗಳನ್ನು ತಳ್ಳಿಹಾಕಿದ. ಅಯಸ್ಕಾಂತದ ಕಲ್ಲನ್ನು ಚೆಂಡಿನಂತೆ ಕಡೆದು, ಅದರ ಮೇಲೆ ಪುಟ್ಟ ಸೂಜಿಯನ್ನಿಟ್ಟು ನೋಡಿ, ಭೂಮಿಯೇ ಒಂದು ಅಯಸ್ಕಾಂತ ಎಂದು ಸಾರಿದವನೂ ಅವನೇ.

ಭೂಮಿಯನ್ನು ಮನೆಯಲ್ಲಿ ವಿಚಾರಿಸಿಕೊಳ್ಳಲು ಒಂದು ಹೊಲಿಗೆ ಸೂಜಿ ಸಾಕು. ಅಯಸ್ಕಾಂತದ ಒಂದೇ ಮುಖದಿಂದ, ಸೂಜಿಯ ಕಣ್ಣಿನಿಂದ ಮೊನೆಯ ಕಡೆಗೆ ಮಾತ್ರ, ಪ್ರತಿ ಸಲವೂ ಕೈ ಎತ್ತಿ ತಂದು, ಮೂವತ್ತು ನಲವತ್ತು ಸಲ ಉಜ್ಜಿ. ಹಿಂದೆ ಮುಂದೆ ಉಜ್ಜಿದರೆ ಕಟ್ಟಿದ್ದು ಕೆಡುತ್ತದೆ. ತೆಳು ಥರ್ಮಾಕೋಲ್ ಚೂರಿನ ಮೇಲೆ ಸೂಜಿಯಿಟ್ಟು ಪ್ಲಾಸ್ಟಿಕ್ ಬಟ್ಟಲಿನ ನೀರಿನಲ್ಲಿ ತೇಲಿಬಿಡಿ. ಅಂಟುವ ಸ್ಟೀಲಿನ ಬಟ್ಟಲಾದರೆ ಸೂಜಿ ಅದರ ಗೋಡೆಗೇ ಹೋಗಿ ಕೂರುತ್ತದೆ. ಪ್ಲಾಸ್ಟಿಕ್ಕಿನದಾದರೆ ತಿರುಗಿ, ತೂಗಾಡಿ, ಉತ್ತರ-ದಕ್ಷಿಣವಾಗಿ ನಿಲ್ಲುತ್ತದೆ. ಚೀನಾದ ಶೆನ್ ಕುವೊ 1088ರ ಹೊತ್ತಿಗೆ ಬರೆದ ಪುಸ್ತಕದಲ್ಲೇ ತೇಲುವ ಸೂಜಿಯ ವಿವರವಿದೆ. ಸೂಜಿ ಕರಾರುವಾಕ್ಕಾಗಿ ಉತ್ತರಕ್ಕಲ್ಲ, ಸ್ವಲ್ಪ ಓರೆಯಾಗಿ ನಿಲ್ಲುತ್ತದೆ ಎಂದೂ ಆತ ಗಮನಿಸಿದ್ದ. ಕರ್ನಾಟಕದಲ್ಲಿ ಆ ಓರೆ ಈಗ ಒಂದೆರಡು ಡಿಗ್ರಿಯಷ್ಟೇ.

ಭೂಮಿಯ ಒಡಲಲ್ಲಿ ಇರುವುದು ಸ್ಪೀಕರಿನಲ್ಲಿರುವಂಥ ಅಯಸ್ಕಾಂತವಲ್ಲ. ಅಲ್ಲಿ ನಾಲ್ಕೈದು ಸಾವಿರ ಡಿಗ್ರಿ ಶಾಖ. 770ಕ್ಕೇ ಸೋಲುವ ಕಬ್ಬಿಣ ಅಲ್ಲೇನು ಉಳಿದೀತು? ಸುಮಾರು 2,900 ಕಿಲೋಮೀಟರ್ ಆಳದಿಂದಾಚೆ ಕರಗಿದ ಕಬ್ಬಿಣ ಹೊರಳುತ್ತ ಹರಿಯುತ್ತದೆ, ಆ ಹರಿವು ವಿದ್ಯುತ್ತನ್ನು ಹುಟ್ಟಿಸುತ್ತದೆ, ವಿದ್ಯುತ್ತಿನಿಂದ ಕಾಂತಕ್ಷೇತ್ರ ಬರುತ್ತದೆ. ಆ ಕ್ಷೇತ್ರ ಯುರೋಪಿನಲ್ಲಿ ನೆಲದೊಳಕ್ಕೆ ಕಡಿದಾಗಿ ಇಳಿಯುತ್ತದೆ. ಲಂಡನ್ನಿನಲ್ಲಿ ಸರಾಗವಾಗಿ ತೂಗುಬಿಟ್ಟ ಸೂಜಿ ಸುಮಾರು 66 ಡಿಗ್ರಿ ತಲೆ ತಗ್ಗಿಸುತ್ತದೆ. ನಮ್ಮಲ್ಲಿ ಹೆಚ್ಚುಕಡಿಮೆ ಮಟ್ಟಸವಾಗಿರುತ್ತದೆ, ಏಕೆಂದರೆ ಕಾಂತೀಯ ಸಮಭಾಜಕ ರೇಖೆ ಹಾದುಹೋಗುವುದು ದಕ್ಷಿಣ ಭಾರತದ ತುದಿಯ ಹತ್ತಿರ. 1963ರ ನವೆಂಬರ್ 21ರಂದು ಭಾರತದ ಮೊದಲ ಸಂಶೋಧನಾ ರಾಕೆಟ್ ಕೇರಳದ ತುಂಬಾದಿಂದ ಹಾರಿದ್ದಕ್ಕೆ ಈ ರೇಖೆಯ ನೆರೆಯೇ ಕಾರಣ. ಅದರ ನೆತ್ತಿಯ ಮೇಲಿನ ವಾತಾವರಣದಲ್ಲಿ ಹರಿಯುವ ವಿದ್ಯುತ್ ಪ್ರವಾಹವನ್ನು ಅಭ್ಯಸಿಸಬೇಕಿತ್ತು. ಮುಂಬೈನ ಕೊಲಾಬಾದಲ್ಲಿ 1841ರಿಂದ ಭೂಕಾಂತವನ್ನು ಅಳೆಯುತ್ತಿದ್ದವರು, ನಗರಕ್ಕೆ ವಿದ್ಯುತ್ ಟ್ರಾಮ್ ಬರುತ್ತದೆ ಎಂದಾದಾಗ ಅಳತೆ ಕೆಡುತ್ತದೆಂದು 1904ರಲ್ಲಿ ಅಲಿಬಾಗಿಗೆ ಗಂಟುಮೂಟೆ ಕಟ್ಟಿದರು. ಅಲ್ಲಿ ಉಪಕರಣಗಳಿಗಾಗಿ ಕಟ್ಟಿದ ಮನೆಯಲ್ಲಿ ಕಬ್ಬಿಣಕ್ಕೆ ಪ್ರವೇಶವಿಲ್ಲ.

ಕೊನೆಗೆ ಅಲ್ಯೂಮಿನಿಯಂ, ತಾಮ್ರಗಳನ್ನು ಮತ್ತೊಮ್ಮೆ ಮಾತಾಡಿಸಬೇಕು. ಅಂಟುವುದಿಲ್ಲ ಎಂದಮಾತ್ರಕ್ಕೆ ಅವಕ್ಕೆ ಅಯಸ್ಕಾಂತದ ಗೊಡವೆಯೇ ಇಲ್ಲ ಎಂದುಕೊಳ್ಳುವಂತಿಲ್ಲ. ಎಸಿ ಮೆಕ್ಯಾನಿಕ್ ಹತ್ತಿರ ಒಂದು ಮೀಟರ್ ತಾಮ್ರದ ಕೊಳವೆ ಕೇಳಿ ತಂದು, ನೆಟ್ಟಗೆ ಹಿಡಿದು, ಒಳಗೆ ಸಲೀಸಾಗಿ ಹೋಗುವ ನಿಯೋಡಿಮಿಯಂ ಅಯಸ್ಕಾಂತವನ್ನು ಬಿಡಿ. ಬರೀ ಗಾಳಿಯಲ್ಲಾದರೆ ಅರ್ಧ ಸೆಕೆಂಡಿಗೂ ಮೊದಲೇ ಕೆಳಗಿರಬೇಕಾದದ್ದು ಹಲವು ಸೆಕೆಂಡ್ ತೆಗೆದುಕೊಳ್ಳುತ್ತದೆ. ಮೇಲಿನಿಂದ ಬಗ್ಗಿ ನೋಡಿದರೆ ಗೋಡೆಗೆ ತಾಗದೆ, ಅವಸರವಿಲ್ಲದೆ ಇಳಿಯುತ್ತಿರುತ್ತದೆ. ಚಲಿಸುವ ಅಯಸ್ಕಾಂತ ತಾಮ್ರದಲ್ಲಿ ವಿದ್ಯುತ್ ಸುಳಿಗಳನ್ನು ಎಬ್ಬಿಸುತ್ತದೆ, ಆ ಸುಳಿಗಳ ಕಾಂತಕ್ಷೇತ್ರ ಬೀಳುವಿಕೆಯನ್ನೇ ತಡೆಯುತ್ತದೆ. ಹಳೆಯ ಮನೆಗಳ ಕರೆಂಟ್ ಮೀಟರಿನ ಗಾಜಿನೊಳಗೆ ತಿರುಗುತ್ತಿದ್ದ ಅಲ್ಯೂಮಿನಿಯಂ ತಟ್ಟೆಗೂ ಹೀಗೆಯೇ, ಅಂಚಿನಲ್ಲಿ ಕೂತ ಅಯಸ್ಕಾಂತವೇ ಬ್ರೇಕು.

ಮಕ್ಕಳಿಗೆ ಇನ್ನೂ ಉತ್ಸಾಹ ಉಳಿದಿದ್ದರೆ ಮೆಕ್ಯಾನಿಕ್‌ನಿಂದಲೇ ಅಷ್ಟೇ ಉದ್ದದ ಇನ್ನೊಂದು ಕೊಳವೆಯನ್ನು ಮೇಲಿನಿಂದ ಕೆಳಗಿನವರೆಗೆ ಒಂದು ಬದಿ ಸೀಳಿಸಿ ತನ್ನಿ. ಸುತ್ತು ಬರುವ ವಿದ್ಯುತ್ತಿಗೆ ದಾರಿ ಕತ್ತರಿಸಿದ್ದೇವೆ, ಇನ್ನು ಅಯಸ್ಕಾಂತ ದಡಕ್ಕನೆ ಬೀಳಬೇಕು ಎಂದು ಮಕ್ಕಳು ಹೇಳುತ್ತಾರೆ. ಬಿಟ್ಟು ನೋಡಲಿ. ಮೊದಲಿಗಿಂತ ಬೇಗ ಬೀಳುತ್ತದೆ, ಆದರೂ ಬರೀ ಗಾಳಿಯಲ್ಲಿ ಬಿದ್ದಷ್ಟು ಬೇಗ ಅಲ್ಲ. ಸೀಳಿನ ಈಚೆಗೆ ಉಳಿದ ತಾಮ್ರದಲ್ಲಿ ಚಿಕ್ಕ ಚಿಕ್ಕ ಸುಳಿಗಳು ಆಗಲೂ ಏಳುತ್ತಲೇ ಇರುತ್ತವೆ.